ರೆಪ್ಪೆಯಿದ್ದ ಮೀನು

ಮೀನಿಗೆ ಕಣ್ಣಿನ ರೆಪ್ಪೆ ಇಲ್ಲ ಎನ್ನುವುದು ಹೊಳೆ ದಂಡೆಯಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ತವರು ತೀರ್ಥಹಳ್ಳಿಯ ಹತ್ತಿರ, ತುಂಗೆಗೆ ಕೂಗಿದರೆ ಕೇಳುವಷ್ಟು ದೂರದಲ್ಲಿ. ಮದುವೆಯಾಗಿ ಬಂದದ್ದು ಮಾತ್ರ ಸಾಗರದ ಪೇಟೆಯೊಳಗಿನ, ಮರ ಕೆತ್ತುವ ಗುಡಿಗಾರರ ಮನೆಗೆ. ಅಲ್ಲಿ ಹತ್ತಿರದಲ್ಲಿ ಹೊಳೆಯಿಲ್ಲ. ಇದ್ದದ್ದು ಮರದ ಹೊಟ್ಟು, ಉಳಿ, ಕೊಡತಿ ಮತ್ತು ಎಲ್ಲೆಂದರಲ್ಲಿ ಅರ್ಧ ಕೆತ್ತಿದ ದೇವರುಗಳು. ಮೊದಲ ವರ್ಷ ಕಸ ಗುಡಿಸುವಾಗಲೂ ಯಾರಿಗೆ ಕಾಲು ತಾಗುತ್ತದೋ ಎಂದು ಹೆದರಿ ಹೆದರಿ ಗುಡಿಸುತ್ತಿದ್ದೆ.

ನನ್ನ ಗಂಡ ದೇವರನ್ನು ಕೆತ್ತುವುದರಲ್ಲಿ ಎತ್ತಿದ ಕೈ. ಹೆಂಡತಿಯಾದ ನಾನು ಹೇಳಬಾರದು, ಆದರೂ ಹೇಳುತ್ತೇನೆ, ಅಂಥ ಕೈ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಯಾವ ದೇವರನ್ನು ಕೆತ್ತುತ್ತಾರೋ ಆ ದೇವರ ಮುಖವೇ ಅವರಿಗೂ ಬರುತ್ತಿತ್ತು. ಕೊಳಲು ಕೃಷ್ಣನ ಕೆಲಸ ಇದ್ದಾಗ ಮನೆಯಲ್ಲಿ ನಗು, ತಮಾಷೆ. ಉಗ್ರನರಸಿಂಹನ ಕೆಲಸ ಬಂತೋ, ಅಂಗಡಿಯಿಂದ ಸಕ್ಕರೆ ತನ್ನಿ ಎನ್ನುವುದಕ್ಕೂ ನನಗೆ ಧೈರ್ಯ ಬರುತ್ತಿರಲಿಲ್ಲ. ಹಾಗೆಂದು ನಾನೇನು ಹೆದರುಪುಕ್ಕಲಿಯಲ್ಲ. ನನ್ನ ನಾಲಿಗೆ ಸ್ವಲ್ಪ ಉದ್ದ, ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ನನ್ನ ಕೆಲಸ ಹೆಂಗಸರ ಕೆಲಸ: ಬೆಂಡನ್ನು ತೆಳ್ಳಗೆ ಸೀಳಿ, ಹೊಳೆಯುವ ಬೇಗಡೆ ಅಂಟಿಸಿ, ಬಣ್ಣ ಬಳಿದು ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ಮಾಡುವುದು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕಾಲ ಕೆಟ್ಟಿತು. ಗಂಧದ ಮರ ಕೈಗೆ ಸಿಗುವುದು ಕಷ್ಟವಾಯಿತು. ಅಚ್ಚಿನಲ್ಲಿ ಹೊಯ್ದ ದೇವರುಗಳು ಅಂಗಡಿಯಲ್ಲಿ ಸಾಲಾಗಿ ಕೂತವು, ಒಂದಕ್ಕೂ ಇನ್ನೊಂದಕ್ಕೂ ಕೂದಲಷ್ಟು ವ್ಯತ್ಯಾಸವಿಲ್ಲ. ಬರುವವರೂ ‘ಅದೇ ಚೆನ್ನಾಗಿದೆ, ಒಡೆದರೆ ಇನ್ನೊಂದು ತಗೊಂಡರಾಯ್ತು’ ಎನ್ನತೊಡಗಿದರು. ಇವರು ಒಂದು ದಿನ ಅಜ್ಜನ ಕಾಲದ ಉಳಿಗಳನ್ನೆಲ್ಲ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. “ನನ್ನ ಕೈ ಸತ್ತಿದೆ ಮಾರಾಯ್ತಿ,” ಎಂದರು. ಸ್ನೇಹಿತರೊಬ್ಬರು ಪ್ಲೈವುಡ್ ಕಾರ್ಖಾನೆಯಲ್ಲಿ ಮೇಸ್ತ್ರಿ ಕೆಲಸ ನೋಡಿಕೊಟ್ಟಿದ್ದರು. ಯುಗಾದಿ ಕಳೆದ ಮೇಲೆ ಹೋಗಿ ಸೇರುವುದೆಂದು ನಿಶ್ಚಯವಾಯಿತು.

ಊಟಕ್ಕೇನೂ ತೊಂದರೆ ಇರಲಿಲ್ಲ. ಕಾರ್ಖಾನೆಗೆ ಹೋದರೆ ಇನ್ನೂ ಚೆನ್ನಾಗಿ ಉಣ್ಣಬಹುದಿತ್ತು. ನನ್ನನ್ನು ಹೆದರಿಸಿದ್ದು ಬೇರೆ. ಈ ಮನುಷ್ಯ ಜಗಳವಾಡುವುದನ್ನೇ ಬಿಟ್ಟುಬಿಟ್ಟರು! ನಾನು ಹತ್ತು ಮಾತಾಡಿದರೆ ಒಂದು ‘ಹೂಂ’. ಸಾರಿಗೆ ಉಪ್ಪು ಹೆಚ್ಚಾದರೂ ‘ಹೂಂ’, ಕಡಿಮೆಯಾದರೂ ‘ಹೂಂ’. ಎದುರಿಗೆ ಕೂತಿದ್ದರೂ ಅರ್ಧ ಎದ್ದುಹೋದವರ ಹಾಗೆ ಇರುತ್ತಿದ್ದರು. ನನಗೆ ಬೇಕಾಗಿದ್ದದ್ದು ಒಂದೇ. ಯುಗಾದಿಯೊಳಗೆ ಆ ಉಳಿಗಳು ಅಟ್ಟದಿಂದ ಕೆಳಗಿಳಿಯಬೇಕು, ಇಳಿದು ಕೆಳಗೇ ಉಳಿಯಬೇಕು. ಯಾವ ದೇವರಿಗೆ ಹರಕೆ ಹೇಳಿಕೊಳ್ಳುವುದು? ಮನೆತುಂಬ ಇದ್ದವರೆಲ್ಲ ಇವರು ಮಾಡಿದವರೇ.

ಕಾರ್ತಿಕ ಮುಗಿಯುವ ಹೊತ್ತಿಗೆ ನಮ್ಮ ಬಾಗಿಲಿಗೆ ಒಂದು ಜೀಪು ಬಂತು. ಇಳಿದವರು ಕೋಣಂದೂರು ಕಡೆಯ ಗೌಡರು. ನಾನು ಅವರನ್ನು ನೋಡಿರದಿದ್ದರೂ ಅವರ ಕತೆ ಕೇಳಿದ್ದೆ. ನಮ್ಮ ತವರಿನ ಕಡೆ ಅವರ ವಿಷಯ ಎತ್ತಿದರೆ ಮಕ್ಕಳೂ ನಗುತ್ತಿದ್ದರು. ಗೌಡರು ರೀಲಿರುವ ಗಾಳದ ಕೋಲು ಹಿಡಿದು ಬೆಳಗಿನಿಂದ ಸಂಜೆಯವರೆಗೆ ಹೊಳೆಯಲ್ಲಿ ನಿಲ್ಲುತ್ತಾರಂತೆ, ತೋಳುದ್ದದ ಮೀನು ಹಿಡಿಯುತ್ತಾರಂತೆ, ಹಿಡಿದು ಗಾಳ ಬಿಡಿಸಿ ಮತ್ತೆ ಹೊಳೆಗೇ ಬಿಡುತ್ತಾರಂತೆ! ಮೀನು ಸಾರಿನ ಊರಿನಲ್ಲಿ ಇದಕ್ಕಿಂತ ದೊಡ್ಡ ಹುಚ್ಚು ಇನ್ನೊಂದಿದೆಯೇ?

ಗೌಡರು ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ನಿಧಾನಕ್ಕೆ ವಿಷಯಕ್ಕೆ ಬಂದರು. ಅವರ ತಂದೆ ಶಿಕಾರಿಯವರು. ಮನೆಯ ಗೋಡೆ ತುಂಬ ಜಿಂಕೆ ಕೊಂಬು, ಕಾಡುಕೋಣದ ತಲೆ, ಒಂದು ಹುಲಿಯ ಮುಖ. ಹುಲಿಯ ಒಂದು ಕಿವಿಯನ್ನು ಹುಳ ತಿಂದು ಮುಗಿಸಿದೆ.

“ಸತ್ತವು ಸಾಕು ಅನ್ನಿಸಿದೆ,” ಎಂದರು ಗೌಡರು. “ಬದುಕಿರೋದು ಒಂದು ಗೋಡೆ ಮೇಲೆ ಇರ್ಲಿ ಅಂತ ಆಸೆ. ಹೋದ ಬೇಸಿಗೇಲಿ ಒಂದು ದೇವರ ಮೀನು ಸಿಕ್ತು, ದೇವಸ್ಥಾನದ ಗುಂಡೀಲಿ ಯಾರೂ ಮುಟ್ಟದ ಜಾತಿದು. ಆ ಗುಂಡಿಯಲ್ಲಲ್ಲ ಮತ್ತೆ, ಅಲ್ಲಿ ಗಾಳ ಹಾಕೋ ಪಾಪಿ ನಾನಲ್ಲ. ಎಷ್ಟೋ ಕೆಳಗೆ, ಹೊಳೆ ತಿರುಗೋ ಜಾಗದಲ್ಲಿ. ನನ್ನ ತೋಳಿಗಿಂತ ಉದ್ದ. ಗಾಳ ಬಿಡಿಸಿ, ನೀರೊಳಗೇ ಹಿಡ್ಕೊಂಡು ಕೂತೆ. ಸುಸ್ತಾಗಿತ್ತು ಪಾಪ. ಆಮೇಲೆ ಒಂದ್ಸಲ ಮೈ ಕೊಡವಿ, ನನ್ನ ಕೈಯಿಂದ ತಾನೇ ಹೊರಟ್ಹೋಯ್ತು. ಆ ಹೊರಡೋ ಹೊತ್ತಿನ ಮೀನು ಬೇಕು ನಂಗೆ. ಮರದಲ್ಲಿ ಮಾಡಿಕೊಡ್ತೀರಾ?”

ನಾನು ಬಾಗಿಲ ಹಿಂದೆ ನಿಂತವಳು ತಡೆಯಲಾರದೆ ಕೇಳಿಯೇಬಿಟ್ಟೆ. “ಬಿಡೋದಾದ್ರೆ ಹಿಡಿಯೋದ್ಯಾಕೆ ಗೌಡ್ರೇ? ಹೊಳೇಲಿ ಹುಣಸೇಹಣ್ಣು ತೊಳೆದ ಹಂಗಾಯ್ತಲ್ಲ!”

ಇವರು ನನ್ನನ್ನು ದುರುಗುಟ್ಟಿ ನೋಡಿದರು. ಗೌಡರು ಮಾತ್ರ ಹೊಟ್ಟೆ ಕುಣಿಸಿಕೊಂಡು ನಕ್ಕರು. “ನಮ್ಮನೇಲೂ ಇದೇ ಮಾತು ಅಮ್ಮಾ. ಮಸಾಲೆ ಅರೆದಿಟ್ಟು ಕಾಯ್ತಾರೆ, ನಾನು ಬರಿಗೈಲಿ ಬರ್ತೀನಿ. ಬೈಸ್ಕೊಳ್ಳೋದು ಅಭ್ಯಾಸ ಆಗಿದೆ.”

“ನಂಗೆ ಮೀನು ಅಭ್ಯಾಸ ಇಲ್ಲ ಗೌಡ್ರೇ, ಈಗ ಕೆಲಸಾನೂ...” ಎಂದು ಇವರು ಶುರುಮಾಡಿದ್ದರು. ನಾನು ಮುಗಿಸಲು ಬಿಡಲಿಲ್ಲ. “ಮಾಡ್ತಾರೆ. ಸಂಕ್ರಾಂತಿ ಹೊತ್ತಿಗೆ ಬನ್ನಿ,” ಎಂದೆ.

ಅವತ್ತೇ ಅಟ್ಟ ಹತ್ತಿ ಉಳಿ ಇಳಿಸಿಕೊಟ್ಟವಳು ನಾನೇ. ಇವರು ಗೊಣಗುತ್ತ ಒಂದು ಶಿವನಿ ಮರದ ತುಂಡು ಆರಿಸಿದರು, ಅದನ್ನು ತಟ್ಟಿ ಕಿವಿಗೊಟ್ಟು ಕೇಳಿದರು. ಮರುದಿನ ಕೆಲಸದ ಕೋಣೆಗೆ ಪರದೆ ಬಿತ್ತು. ಪರದೆ ನಮ್ಮ ಮನೆಯ ಪದ್ಧತಿ. ಮೂರ್ತಿ ಮುಗಿದು ಕಣ್ಣು ತೆರೆಯುವವರೆಗೆ ಕೆತ್ತುವವನ ಹೊರತು ಯಾರೂ ಅದನ್ನು ನೋಡಬಾರದು. ಕಣ್ಣು ತೆರೆಯುವುದು ಎಲ್ಲಕ್ಕಿಂತ ಕೊನೆಗೆ, ಮಿಂದು ಮಡಿಯುಟ್ಟು. ಪರದೆಯ ಆಚೆ ಇರುವುದು ಮೀನು, ದೇವರಲ್ಲ, ಎಂದು ನನಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ. ಕೊಡತಿಯ ಸದ್ದು ಕೇಳುವ ಖುಷಿಯಲ್ಲಿ ದಿನಕ್ಕೊಂದು ತಿಂಡಿ ಮಾಡಿ ಪರದೆಯ ಕೆಳಗಿಂದ ತಳ್ಳುತ್ತಿದ್ದೆ.

ಸಂಕ್ರಾಂತಿಯ ದಿನ ಬೆಳಿಗ್ಗೆ ಇವರು ಮಿಂದು, ಮಡಿಯುಟ್ಟು, ಪರದೆ ಸರಿಸಿದರು.

ಅಯ್ಯೋ ದೇವರೇ! ನಿಜಕ್ಕೂ ದೇವರೇ. ಮೀನಿನ ಕಣ್ಣು ಅರೆಮುಚ್ಚಿತ್ತು. ಕಮಲದ ಎಸಳಿನಂಥ ರೆಪ್ಪೆ, ಅದರ ಮೇಲೆ ಬಿಲ್ಲಿನಂತೆ ಬಾಗಿದ ಹುಬ್ಬು. ದೇವರ ಮೀನಿಗೆ ಬಾಯಿಯ ಪಕ್ಕ ಮೀಸೆ ಇರುವುದು ಹೌದು, ಆದರೆ ಅದು ಜೋಲುವ ಮೀಸೆ. ಇವರು ಅದನ್ನು ದ್ವಾರಪಾಲಕರ ಮೀಸೆಯಂತೆ ಮೇಲಕ್ಕೆ ತಿರುವಿದ್ದರು. ತುಟಿಯಲ್ಲಿ ಭಕ್ತರನ್ನು ಕಾಯುವ ಮಂದಹಾಸ. ಮೈಮೇಲಿನ ಹುರುಪೆಗಳು ಒಂದೇ ಅಳತೆಯವು, ಪೀಠದ ಅಂಚಿನ ಹೂಬಳ್ಳಿಯ ಹಾಗೆ ಸಾಲು ಸಾಲು. ಅಭಯಹಸ್ತ ಒಂದು ಬಾಕಿ ಇತ್ತು. ಮೀನಿಗೆ ಕೈ ಇಲ್ಲವಲ್ಲ, ಅದಕ್ಕೆ ಬಿಟ್ಟಿದ್ದರು ಅಂತ ಕಾಣುತ್ತದೆ. ‘ಗಣಪತಿ ಮಾಡು ಅಂದ್ರೆ ಅವರಪ್ಪನ್ನ ಮಾಡಿದ’ ಎಂದು ಗಾದೆ ಇದೆಯಲ್ಲ, ಹಾಗೆ.

ನಗು ಗಂಟಲಿಗೆ ಬಂದಿತ್ತು. ಆದರೆ ಇವರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಆಸೆ ಕಾಣುತ್ತಿತ್ತು. ನಾನು ನಾಲಿಗೆ ಕಚ್ಚಿಕೊಂಡು, “ಚೆನ್ನಾಗಿದೆ,” ಎಂದೆ. ಅಷ್ಟರಲ್ಲಿ ಎಳ್ಳು ಬೆಲ್ಲ ಕೊಡಲು ಬಂದ ಪಕ್ಕದ ಮನೆಯ ದೊಡ್ಡಮ್ಮ ಮೀನನ್ನು ನೋಡಿದ್ದೇ, ಮುಡಿಯಿಂದ ಸೇವಂತಿಗೆ ತೆಗೆದು ಅದರ ತಲೆಯ ಮೇಲಿಟ್ಟು ನಮಸ್ಕಾರ ಮಾಡಿಬಿಟ್ಟರು.

ಮಧ್ಯಾಹ್ನ ಗೌಡರು ಬಂದರು. ಒಳಗೆ ಕಾಲಿಟ್ಟವರು ಹಿಂದಕ್ಕೆ ಹೋಗಿ ಚಪ್ಪಲಿ ಕಳಚಿ ಬಂದರು. ಕೈ ತಾನಾಗಿಯೇ ಮುಗಿಯಿತು. ತುಂಬ ಹೊತ್ತು ನೋಡಿ, ಮಾತನ್ನು ಹುಡುಕಿ ಹುಡುಕಿ ಹೇಳಿದರು: “ಕೆಲಸಕ್ಕೆ ಎರಡು ಮಾತಿಲ್ಲ. ಆದ್ರೆ ಇದನ್ನ ಗೋಡೆಗೆ ಹಾಕಿದ್ರೆ ನಮ್ಮಮ್ಮ ದಿನಾ ಆರತಿ ಎತ್ತುತ್ತಾರೆ. ನಾ ಹಿಡಿದಿದ್ದು ಇದಲ್ಲ. ಇದಕ್ಕೆ ಗಾಳ ಹಾಕಿದ್ರೆ ನಂಗೆ ನರಕವೇ ಗತಿ.”

ಅವರು ನೋಯಿಸಲು ಹೇಳಿದ್ದಲ್ಲ. ಇವರಿಗೆ ನೋವಾಯಿತು. ಗೌಡರ ಜೀಪು ತಿರುವು ದಾಟುವ ಮೊದಲೇ ಉಳಿಗಳು ಮತ್ತೆ ಎಣ್ಣೆ ಬಟ್ಟೆಯೊಳಗೆ ಹೋದವು. ಆ ಮೀನನ್ನು ದೊಡ್ಡಮ್ಮ ಕೇಳಿ ತೆಗೆದುಕೊಂಡು ಹೋದರು, ಈಗಲೂ ಅವರ ದೇವರ ಕೋಣೆಯಲ್ಲಿ ಪೂಜೆ ಮಾಡಿಸಿಕೊಳ್ಳುತ್ತಿದೆ.

“ನೋಡಿದ್ಯಲ್ಲ. ದೇವರು ಬಿಟ್ಟು ಈ ಕೈಗೆ ಏನೂ ಗೊತ್ತಿಲ್ಲ. ದೇವರು ಯಾರಿಗೂ ಬೇಡ. ಮುಗೀತು,” ಎಂದರು ಇವರು.

ಈಗ ನನ್ನ ಸಿಟ್ಟು ಕಟ್ಟೆಯೊಡೆಯಿತು. “ಎಂತ ಮುಗೀತು? ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ! ನೀವು ಮೀನು ನೋಡಿದ್ದಾದ್ರೂ ಎಲ್ಲಿ ಹೇಳಿ?”

ಇವರು ಯೋಚಿಸಿ, “ಸಂತೆ ಬುಟ್ಟೀಲಿ. ನಿನ್ನ ಸಾರಲ್ಲಿ,” ಎಂದರು. ಆಮೇಲೆ ಮೆಲ್ಲಗೆ ಸೇರಿಸಿದರು, “ಮತ್ಸ್ಯಾವತಾರದಲ್ಲಿ.”

“ಅದೇ ಕಷ್ಟ. ಏಳಿ, ಬಟ್ಟೆ ಹಾಕ್ಕೊಳ್ಳಿ, ಹೋಗೋಣ.”

“ಎಲ್ಲಿಗೆ?”

“ನನ್ನ ತವರಿಗೆ. ನಿಮ್ಗೆ ಮೀನು ತೋರಿಸ್ತೀನಿ.”

ಹೊಸನಗರದಲ್ಲಿ ಬಸ್ಸು ಬದಲಿಸುವಾಗ ಚಾ ಕುಡಿಸಿದೆ, ಆಗಲೂ ‘ಹೂಂ’. ತವರಿನಲ್ಲಿ ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಅಳಿಯಂದಿರು ಬಂದರೆಂದು ಕೋಳಿ ಹಿಡಿಯಲು ಓಡಿದಳು. ನಾನು ಒಂದು ಸೇರು ಮಂಡಕ್ಕಿ ಕಟ್ಟಿಕೊಂಡು ಇವರನ್ನು ನೇರ ದೇವಸ್ಥಾನದ ಗುಂಡಿಗೆ ಎಳೆದುಕೊಂಡು ಹೋದೆ. ಅಲ್ಲಿ ಹೊಳೆ ಬಂಡೆಗಳ ನಡುವೆ ನಿಂತು ಆಳವಾಗುತ್ತದೆ. ಆ ನೀರಿನ ಮೀನು ದೇವರಿಗೆ ಸೇರಿದ್ದು, ಯಾರೂ ಮುಟ್ಟುವುದಿಲ್ಲ. ಮೈಮೇಲೆ ನರಹುಲಿ ಎದ್ದವರು ಬೆಲ್ಲ ಹಾಕಿ ಹರಕೆ ತೀರಿಸುತ್ತಾರೆ. ಹೆದರಿಕೆಯೆಂದರೇನೆಂದು ಗೊತ್ತಿಲ್ಲದ ಮೀನುಗಳು ತೊಡೆಗಾತ್ರ ಬೆಳೆದು ದಂಡೆಗೇ ಬಂದು ಬಾಯಿ ತೆರೆಯುತ್ತವೆ.

ಮೊದಲ ಹಿಡಿ ಮಂಡಕ್ಕಿ ಬಿದ್ದದ್ದೇ ತಡ, ನೀರು ಕುದಿಯಿತು. ಇವರು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮುಂದೆ ಬಂದು ಕುಕ್ಕುರುಗಾಲಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಮಂಡಿಯೂರಿದರು. ಇನ್ನೂ ಸ್ವಲ್ಪ ಹೊತ್ತಿಗೆ, ಇಸ್ತ್ರಿ ಮಾಡಿದ ಅಂಗಿಯಲ್ಲೇ ಬಂಡೆಯ ಮೇಲೆ ಬೋರಲು ಮಲಗಿ ಗಲ್ಲವನ್ನು ನೀರಿಗೆ ಹತ್ತಿರ ಇಟ್ಟರು. ಬಟ್ಟೆ ಒಗೆಯಲು ಬಂದ ಹೆಂಗಸರು ನನ್ನ ಕಡೆ ನೋಡಿ ಕಣ್ಣಿನಲ್ಲೇ ‘ಏನಾಗಿದೆ?’ ಎಂದು ಕೇಳಿದರು. ನಾನು ಕಂಡೂ ಕಾಣದವಳಂತೆ ಮಂಡಕ್ಕಿ ಎಸೆಯುತ್ತಿದ್ದೆ.

“ಸುಮ್ನಿರು ಮಾರಾಯ್ತಿ! ಹಂಗೆ ಎಸೀಬೇಡ, ಎಲ್ಲಾ ಒಂದೇ ಕಡೆ ಗುಂಪಾಗ್ತವೆ. ಒಂದೊಂದೇ ಕಾಳು ಹಾಕು. ಅದು ತಿರುಗೋದು ನೋಡ್ಬೇಕು ನಂಗೆ,” ಎಂದು ಇವರು ಗದರಿದರು.

ಎಷ್ಟು ಕಾಲವಾಗಿತ್ತು ಬೈಸಿಕೊಂಡು! ನನಗೆ ಕಣ್ಣು ತುಂಬಿ ಬಂತು. ಒಂದೊಂದೇ ಕಾಳು ಹಾಕಿದೆ.

“ರೆಪ್ಪೆ ಇಲ್ಲ ಕಣೇ ಇದಕ್ಕೆ,” ಎಂದರು, ಜಗತ್ತಿನಲ್ಲಿ ಅದನ್ನು ಮೊದಲು ಕಂಡವರು ತಾವೇ ಎಂಬಂತೆ. “ಮುಚ್ಚೋದೇ ಇಲ್ಲ. ನಿದ್ದೆ ಹೆಂಗೆ ಮಾಡ್ತದೆ?”

“ಅದನ್ನೇ ಕೇಳಿ.”

“ಹುರುಪೆ ನೋಡು, ನಡುವೆ ವೀಳ್ಯದೆಲೆಯಷ್ಟು ಅಗಲ, ಬಾಲದ ಹತ್ರ ಸಣ್ಣ. ಒಂದು ಕಡೆ ಕಿತ್ತು ಹೋಗಿದೆ ಇದಕ್ಕೆ. ಅಕೋ ಅದಕ್ಕೆ ತುಟಿ ಹರಿದಿದೆ. ಒಂದರ ಹಂಗೆ ಇನ್ನೊಂದಿಲ್ಲ!” ಆಮೇಲೆ ಒಂದು ದೊಡ್ಡ ಮೀನು ಕಾಳು ನುಂಗಿ, ತಲೆಯನ್ನು ಒಂದು ಕಡೆಗೆ, ನಡುವನ್ನು ಇನ್ನೊಂದು ಕಡೆಗೆ, ಬಾಲವನ್ನು ಮತ್ತೆ ಈ ಕಡೆಗೆ ಬಾಗಿಸಿ ಸರಕ್ಕನೆ ತಿರುಗಿ ಆಳಕ್ಕೆ ಹೋಯಿತು. ಇವರು ದಡಬಡಿಸಿ ಎದ್ದು ಕೂತರು. “ಅರೆ! ಇದು ತ್ರಿಭಂಗಿ ಕಣೇ! ನಮ್ಮ ಕೃಷ್ಣ ನಿಲ್ಲೋದು ಹಿಂಗೇ ಅಲ್ವಾ, ಮೂರು ಕಡೆ ಬಾಗಿ. ಇದು ನನ್ನ ಕೈಗೆ ಗೊತ್ತು. ನಾನು ದಡ್ಡ, ಕೋಲಿನ ಹಂಗೆ ನೆಟ್ಟಗೆ ಮಾಡಿಟ್ಟಿದ್ದೆ.”

ಒಂದೇ ದಿನಕ್ಕೆಂದು ಹೋದವರು ವಾರಗಟ್ಟಲೆ ಉಳಿದೆವು. ದಿನಾ ಬೆಳಿಗ್ಗೆ ಅಳಿಯಂದಿರು ಬಂಡೆಯ ಮೇಲೆ ಬೋರಲು. “ನಿನ್ನ ಗಂಡಂಗೆ ಹೆಣ್ಣು ಕೊಟ್ಟಿದ್ದು ನಮ್ಮನೆಯಿಂದಲೋ ಹೊಳೆಯಿಂದಲೋ?” ಎಂದು ಅತ್ತಿಗೆ ಕಿಚಾಯಿಸಿದಳು. “ನಿಂಗ್ಯಾಕೆ ಹೊಟ್ಟೆಕಿಚ್ಚು? ನಿನ್ನ ಗಂಡನ್ನೂ ಮಲಗಿಸು,” ಎಂದು ನಾನೂ ಬಿಡಲಿಲ್ಲ.

ಸಾಗರಕ್ಕೆ ಬಂದ ಮೇಲೆ ಉಳಿ ಇಳಿಯಿತು, ಪರದೆ ಬೀಳಲಿಲ್ಲ. “ದೇವರಾದ್ರೆ ಪರದೆ, ಮೀನಿಗೆ ಎಂತಕ್ಕೆ? ಬಾ ಇಲ್ಲಿ, ಕಿವಿರು ಇಷ್ಟು ತೆರೆದಿರುತ್ತಾ?” ಎಂದು ಕರೆಯುತ್ತಿದ್ದರು. “ಇಷ್ಟಲ್ಲ, ಇನ್ನೂ ಸ್ವಲ್ಪ,” ಎಂದರೆ “ನಿಂಗೇನು ಗೊತ್ತು?” ಎನ್ನುತ್ತಿದ್ದರು. ಮತ್ತೆ ನಾನು ಹೇಳಿದಷ್ಟೇ ಕೆತ್ತುತ್ತಿದ್ದರು. ಕಿವಿರಿಗೆ ಒಂದು ಜಗಳ, ಮೀಸೆಗೆ ಒಂದು ಜಗಳ, ಬಾಲದ ಸೀಳಿಗೆ ದೊಡ್ಡ ಜಗಳ. ಇಡೀ ಬೀದಿಗೆ ಕೇಳುತ್ತಿತ್ತು. ಅಷ್ಟು ಚೆಂದದ ದಿನಗಳನ್ನು ನಾನು ಆಮೇಲೂ ಹೆಚ್ಚು ಕಂಡಿಲ್ಲ.

ಆದರೂ ಯುಗಾದಿಯ ಮಾತು ತೆಗೆಯಲು ನನಗೆ ಧೈರ್ಯವಿರಲಿಲ್ಲ. ಇದೊಂದು ಮುಗಿಸಿಕೊಟ್ಟು ಹೋಗುತ್ತೇನೆ ಎಂದು ಕೆಲಸ ನೋಡಿಕೊಟ್ಟ ಸ್ನೇಹಿತರಿಗೆ ಇವರು ಹೇಳಿದ್ದನ್ನು ಕೇಳಿಸಿಕೊಂಡಿದ್ದೆ.

ಕೆತ್ತನೆ ಮುಗಿದ ಮೇಲೆ ಬಣ್ಣದ ಕಷ್ಟ ಬಂತು. ದೇವರ ಮೀನಿನ ಬೆನ್ನು ಹಿತ್ತಾಳೆಯಂತೆ, ಹೊಟ್ಟೆ ಬೆಳ್ಳಿಯಂತೆ; ಬಣ್ಣ ಹೊರಗಿನದಲ್ಲ, ಒಳಗಿನಿಂದ ಹೊಳೆಯುವುದು. ಇವರು ಎಷ್ಟು ಬಳಿದರೂ ಪೆಟ್ಟಿಗೆಗೆ ಬಣ್ಣ ಹೊಡೆದ ಹಾಗೆ ಕಾಣುತ್ತಿತ್ತು. ನಾನು ಎಲ್ಲವನ್ನೂ ಉಪ್ಪುಕಾಗದದಲ್ಲಿ ಉಜ್ಜಿ ತೆಗೆದು, ಬಾಸಿಂಗಕ್ಕೆ ಇಟ್ಟಿದ್ದ ಬೇಗಡೆಯನ್ನು ಹುರುಪೆ ಹುರುಪೆಗೂ ಕತ್ತರಿಸಿ ಅಂಟಿಸಿದೆ. ಅದರ ಮೇಲೆ ನೀರಿನಷ್ಟು ತೆಳ್ಳಗೆ ಬಣ್ಣ, ಅದರ ಮೇಲೆ ವಾರ್ನಿಶ್. ಕಿಟಕಿಯ ಹತ್ತಿರ ತಿರುಗಿಸಿದರೆ ಬೆಳಕು ಮೈಮೇಲೆ ಓಡಾಡಿತು. ಕಣ್ಣಿಗೆ ಏನು ಮಾಡುವುದು? ಬಚ್ಚಲಿನಲ್ಲಿದ್ದ ಅಂಟುವಾಳದ ಕಾಯಿ ಒಡೆದು ಅದರ ಕರಿ ಬೀಜ ತೆಗೆದೆ, ಸುತ್ತ ಬೇಗಡೆಯ ಸಣ್ಣ ಬಳೆ ಇಟ್ಟೆ.

“ನೀನೇ ಕೂರಿಸು,” ಎಂದರು ಇವರು. ಕಣ್ಣಿನ ಕೆಲಸ ಆ ಮನೆಯಲ್ಲಿ ಹೆಂಗಸರಿಗೆ ಯಾವತ್ತೂ ಕೊಟ್ಟದ್ದಿಲ್ಲ. ಸೆರಗಿಗೆ ಕೈ ಒರೆಸಿಕೊಂಡೆ. ಕೂರಿಸಿದೆ. ಮೀನು ನನ್ನನ್ನು ನೋಡಿತು, ಹೊರಟುಬಿಡುತ್ತದೆ ಅನ್ನಿಸಿತು.

ಶಿವರಾತ್ರಿ ಕಳೆದು ಗೌಡರು ಬಂದರು. ಮೀನನ್ನು ಬಿಳಿ ಪಂಚೆಯ ಮೇಲೆ ಜಗಲಿಯಲ್ಲಿ ಮಲಗಿಸಿದ್ದೆವು. ಗೌಡರು ಮೆಟ್ಟಿಲಲ್ಲೇ ನಿಂತುಬಿಟ್ಟರು. ಹೊಗಳಲಿಲ್ಲ, ತೆಗಳಲಿಲ್ಲ. ಇವರು ಗೋಡೆಗೆ ಒರಗಿ ನೆಲ ನೋಡುತ್ತಿದ್ದರು. ಮತ್ತೆ ‘ಇದಲ್ಲ’ ಎಂದರೆ ಈ ಮನುಷ್ಯ ಇನ್ನು ಯಾವತ್ತೂ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು.

“ಅಮ್ಮಾ, ಸ್ವಲ್ಪ ನೀರು,” ಎಂದರು ಗೌಡರು.

ಬಿಸಿಲಲ್ಲಿ ಬಂದವರು, ಬಾಯಾರಿಕೆ ಇರಬೇಕೆಂದು ಚೊಂಬಿನಲ್ಲಿ ನೀರು ತಂದುಕೊಟ್ಟೆ. ಗೌಡರು ಕುಡಿಯಲಿಲ್ಲ. ಮೀನಿನಿಂದ ಕಣ್ಣು ಕೀಳದೆಯೇ ಜಗಲಿಯ ಅಂಚಿಗೆ ಹೋಗಿ, ಎರಡೂ ಕೈಗೆ ಮೊಣಕೈವರೆಗೂ ನೀರು ಸುರಿದುಕೊಂಡರು. ಒರೆಸಿಕೊಳ್ಳದೆ, ತೊಟ್ಟಿಕ್ಕುವ ಕೈಯಲ್ಲೇ ಬಂದು ಬಗ್ಗಿ, ಒಂದು ಕೈಯನ್ನು ಬಾಲದ ಬುಡಕ್ಕೂ ಇನ್ನೊಂದನ್ನು ಹೊಟ್ಟೆಯ ಅಡಿಗೂ ಕೊಟ್ಟು ಮೆಲ್ಲಗೆ ಎತ್ತಿದರು.

“ಅಯ್ಯೋ ಗೌಡ್ರೇ, ಒದ್ದೆ ಕೈ!” ಎಂದು ಇವರು ಕೂಗಿದರು. “ವಾರ್ನಿಶ್ ಇನ್ನೂ ಪೂರ್ತಿ ಒಣಗಿಲ್ಲ!”

ಗೌಡರು ತಮ್ಮ ಕೈ ನೋಡಿಕೊಂಡರು. ಮುಖ ಕೆಂಪಾಯಿತು. “ಒಣಗಿದ ಕೈಲಿ ಹಿಡಿದ್ರೆ ಇದರ ಮೈ ಮೇಲಿನ ಲೋಳೆ ಕಿತ್ತು ಬರ್ತದೆ. ಆಮೇಲೆ ಬಿಟ್ರೂ ಬದುಕಲ್ಲ,” ಎಂದರು. ಆಮೇಲೆ ಸಣ್ಣ ದನಿಯಲ್ಲಿ, “ಮರ ಅಂತ ಮರ್ತೇಹೋಯ್ತು,” ಎಂದರು.

ಇವರು ಹತ್ತಿರ ಬಂದು ಪಂಚೆಯ ತುದಿಯಿಂದ ಮೀನಿನ ಮೈಮೇಲಿನ ಹನಿಗಳನ್ನು ಒತ್ತಿ ಒತ್ತಿ ತೆಗೆದರು. ಅವರ ಬಾಯಿ ಬಿಗಿದಿತ್ತು, ಮೂಗು ಅರಳಿತ್ತು. ಅಳು ತಡೆಯುವಾಗ ಅವರು ಹಾಗೇ ಕಾಣುತ್ತಾರೆ.

“ಗೌಡ್ರೇ,” ಎಂದರು ಕೊನೆಗೆ, “ಇನ್ನೊಂದ್ಸಲ ಗಾಳ ಹಾಕೋವಾಗ ನನ್ನನ್ನೂ ಕರೀರಿ. ನೀವು ಬಿಡೋಕೆ ಮುಂಚೆ ನಾನೊಂದು ಸಲ ಕೈಲಿ ಹಿಡಿದು ನೋಡ್ಬೇಕು. ನಡುವಿನ ತಿರುವು ಇನ್ನೂ ಪೂರ್ತಿ ಬಂದಿಲ್ಲ ಇದ್ರಲ್ಲಿ. ಮುಂದಿನದರಲ್ಲಿ ಸರಿಮಾಡ್ತೀನಿ.”

“ಧಾರಾಳವಾಗಿ ಬನ್ನಿ,” ಎಂದರು ಗೌಡರು. “ಯುಗಾದಿ ಕಳೀಲಿ. ನೀರು ಇಳಿದು ತಿಳಿಯಾಗಿರುತ್ತೆ, ಆಗ ಕರೆಸ್ತೀನಿ.”

ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. “ಯುಗಾದಿ ಕಳೆದ್ಮೇಲೆ ಇವ್ರು ಎಲ್ಲಿ ಸಿಗ್ತಾರೆ ಗೌಡ್ರೇ? ಪ್ಲೈವುಡ್ ಕಾರ್ಖಾನೆಗೆ ಹೋಗ್ತಾರಲ್ಲ,” ಎಂದೆ.

ಇವರು ತಲೆಯೆತ್ತಿ ನನ್ನನ್ನು ದುರುಗುಟ್ಟಿ ನೋಡಿದರು.

“ಯಾರು ಹೇಳಿದ್ದು ನಿಂಗೆ?” ಎಂದರು.